ಟೆಂಡರ್ ಕಾಗದದಲ್ಲಿ ಸಿಮೆಂಟಿನ ಸಾಲು ಬದಲಾಗಲಿ: ಬೆಂಗಳೂರು ಕಟ್ಟುವವರಿಗೆ ಒಂದು ಬಹಿರಂಗ ಪತ್ರ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ ಹಾಗೂ ಐದೂ ನಗರ ಪಾಲಿಕೆಗಳ ಮುಖ್ಯ ಎಂಜಿನಿಯರ್‌ಗಳಿಗೆ,

ಮಾನ್ಯರೇ,

ರಸ್ತೆ ಗುಂಡಿಗಳ ಬಗ್ಗೆ ನಿಮಗೆ ದಿನವೂ ಪತ್ರಗಳು ಬರುತ್ತವೆ, ಇನ್ನೊಂದನ್ನು ಸೇರಿಸುವುದಿಲ್ಲ. ಗುಂಡಿ ಬೀಳಬಾರದೆಂದು ನೀವು ಸುರಿಸುತ್ತಿರುವ ಕಾಂಕ್ರೀಟಿನ ಬಗ್ಗೆಯೇ ನನ್ನ ತಕರಾರು. ವೈಟ್ ಟಾಪಿಂಗ್ ರಸ್ತೆ (ಹಳೆಯ ಡಾಂಬರಿನ ಮೇಲೆ ಕಾಂಕ್ರೀಟ್ ಹಾಸಿದ್ದು), ಮೇಲ್ಸೇತುವೆ, ರಾಜಕಾಲುವೆಯ ತಡೆಗೋಡೆ, ಮೆಟ್ರೋ ಕಂಬ, ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗದ ಮಾತು. ಇಷ್ಟೊಂದು ಕಾಂಕ್ರೀಟ್ ಬೇಕೇ ಎಂಬ ಜಗಳ ಬೇರೆ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಬೇಕೆಂದು ನೀವು ತೀರ್ಮಾನಿಸಿದ ಮೇಲೆ ಅದು ಎಂಥ ಕಾಂಕ್ರೀಟ್ ಆಗಿರಬೇಕು ಎಂಬುದು ಅಂದಾಜು ಪಟ್ಟಿಯ ಕೆಲವೇ ಸಾಲುಗಳಲ್ಲಿ ನಿರ್ಧಾರವಾಗುತ್ತದೆ: ಸಿಮೆಂಟ್ ಯಾವ ಬಗೆಯದು, ಕನಿಷ್ಠ ಎಷ್ಟು, ಶಕ್ತಿ ಅಳೆಯಲು ಅಚ್ಚಿನಲ್ಲಿ ತುಂಬಿಟ್ಟ ಕಾಂಕ್ರೀಟಿನ ತುಂಡನ್ನು, ಅಂದರೆ ಕ್ಯೂಬನ್ನು, ಎಷ್ಟನೆಯ ದಿನಕ್ಕೆ ಒಡೆಯಬೇಕು. ನಾನು ಕಂಡಂತೆ ಈ ಸಾಲುಗಳು ಹಿಂದಿನ ಟೆಂಡರಿನಿಂದ ಮುಂದಿನ ಟೆಂಡರಿಗೆ ಅಕ್ಷರವೂ ಕದಲದೆ ನಕಲಾಗುತ್ತವೆ. ದರದ ಕಾಲಂ ಮಾತ್ರ ಪರಿಷ್ಕೃತವಾಗುತ್ತದೆ.

ಅದೇ ಹೊತ್ತಿಗೆ, 2023ರ ನವೆಂಬರ್‌ನಲ್ಲಿ, ಅಂದಿನ ಮಹಾನಗರ ಪಾಲಿಕೆ ಬೆಂಗಳೂರಿಗೊಂದು ಹವಾಮಾನ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿತು. 2050ರ ಹೊತ್ತಿಗೆ ನಗರದ ಇಂಗಾಲ ಹೊರಸೂಸುವಿಕೆ ನಿವ್ವಳ ಶೂನ್ಯಕ್ಕೆ ಇಳಿಯಬೇಕು ಎಂಬುದು ಅದರ ಗುರಿ. ಒಳ್ಳೆಯದೇ. ಆದರೆ ಆ ಯೋಜನೆ ಒಂದು ಕಪಾಟಿನಲ್ಲಿ, ಟೆಂಡರ್ ಕಡತ ಇನ್ನೊಂದು ಕಪಾಟಿನಲ್ಲಿ ಇದ್ದರೆ ಗುರಿ ಗುರಿಯಾಗಿಯೇ ಉಳಿಯುತ್ತದೆ.

ಲೆಕ್ಕಕ್ಕೆ ಬರೋಣ. ಸಿಮೆಂಟಿನಲ್ಲಿ ಮುಖ್ಯವಾಗಿ ಇರುವುದು ಕ್ಲಿಂಕರ್. ಕಲಬುರಗಿಯ ವಾಡಿ, ಸೇಡಂ ಕಡೆ ಸಿಗುವಂಥ ಸುಣ್ಣದ ಕಲ್ಲನ್ನು ಜೇಡಿಯೊಂದಿಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಅದನ್ನು ತಯಾರಿಸುತ್ತಾರೆ. ಕಾರ್ಖಾನೆಯ ಹೊಗೆಗೆ ಕಲ್ಲಿದ್ದಲೇ ಕಾರಣ ಎಂದು ನಾವು ತಿಳಿದಿರುತ್ತೇವೆ. ಹೆಚ್ಚಿನ ಪಾಲು ಬರುವುದು ಕಲ್ಲಿನಿಂದಲೇ. ಶುದ್ಧ ಸುಣ್ಣದ ಕಲ್ಲನ್ನು ನೂರು ಕಿಲೋ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗಿ 56 ಕಿಲೋ ಸುಟ್ಟಸುಣ್ಣ ಉಳಿಯುತ್ತದೆ. ನಾಳೆ ಗೂಡನ್ನು ಬಿಸಿಲಿನ ವಿದ್ಯುತ್ತಿನಿಂದಲೇ ಕಾಯಿಸಿದರೂ ಆ 44 ಕಿಲೋ ತಪ್ಪುವುದಿಲ್ಲ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇ 7ರಿಂದ 8ರಷ್ಟು ಸಿಮೆಂಟಿನದೇ ಆಗಿರುವುದಕ್ಕೆ ಇದು ಕಾರಣ. ಜಲ್ಲಿ, ಮರಳು, ನೀರು ಇವುಗಳ ಪಾಲು ಅದರ ಮುಂದೆ ಚಿಕ್ಕದು. ಕಾಂಕ್ರೀಟನ್ನು ತಿದ್ದುವುದೆಂದರೆ ಮೊದಲು ಅದರೊಳಗಿನ ಕ್ಲಿಂಕರನ್ನು ಕಡಿಮೆ ಮಾಡುವುದು.

ಏಳು ಮೀಟರ್ ಅಗಲದ ಒಂದು ಕಿಲೋಮೀಟರ್ ರಸ್ತೆಗೆ 20 ಸೆಂಟಿಮೀಟರ್ ದಪ್ಪದ ವೈಟ್ ಟಾಪಿಂಗ್ ಹಾಕಿದರೆ 1,400 ಘನ ಮೀಟರ್ ಕಾಂಕ್ರೀಟ್ ಬೇಕು. ಘನ ಮೀಟರಿಗೆ 400 ಕಿಲೋ ಸಿಮೆಂಟ್ ಎಂದು ಹಿಡಿದರೆ 560 ಟನ್. ಅದೆಲ್ಲವೂ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್, ಅಂದರೆ ಒಪಿಸಿ ಆಗಿದ್ದರೆ, ಟನ್ನಿಗೆ ಸುಮಾರು 0.85 ಟನ್ ಲೆಕ್ಕದಲ್ಲಿ, 475 ಟನ್ ಇಂಗಾಲದ ಡೈಆಕ್ಸೈಡ್. ಇದು ಸಿಮೆಂಟಿನದು ಮಾತ್ರ. ಲಾರಿ ಓಡಾಟ, ಕಬ್ಬಿಣ, ಕೆಳಗಿನ ಪದರ ಯಾವುದನ್ನೂ ಸೇರಿಸಿಲ್ಲ. ಆ ಸಿಮೆಂಟಿನಲ್ಲಿ ಮೂರನೆಯ ಒಂದು ಪಾಲನ್ನು ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಪುಡಿಯಿಂದ ತುಂಬಿದರೆ, ಪುಡಿ ಮಾಡುವ ವಿದ್ಯುತ್ತಿನ ಖರ್ಚನ್ನು ಕಳೆದರೂ, ಕಿಲೋಮೀಟರಿಗೆ 140 ಟನ್ ಆಸುಪಾಸು ಉಳಿಯುತ್ತದೆ. ನಿಮ್ಮ ಕೈಕೆಳಗೆ ಎಷ್ಟು ಕಿಲೋಮೀಟರ್ ವೈಟ್ ಟಾಪಿಂಗ್ ನಡೆಯುತ್ತಿದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಗುಣಿಸಿ ನೋಡಿ.

ಸ್ಲ್ಯಾಗ್ ದೂರದ ದೇಶದಿಂದ ಬರಬೇಕಿಲ್ಲ. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದಿದೆ. ಊದುಕುಲುಮೆಯಿಂದ ಹೊರಬರುವ ಕಾದ ಕಿಟ್ಟವನ್ನು ನೀರಿನಿಂದ ಥಟ್ಟನೆ ತಣಿಸಿ ನುಣ್ಣಗೆ ಅರೆದರೆ ಅದು ಸಿಮೆಂಟಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ, ಕುಡತಿನಿಯಲ್ಲಿ ಹಾರುಬೂದಿ, ಅಂದರೆ ಕಲ್ಲಿದ್ದಲು ಉರಿದಾಗ ಹೊಗೆಯೊಂದಿಗೆ ಬರುವ ನುಣುಪು ಬೂದಿ, ಇದೆ. ಭಾರತೀಯ ಮಾನಕ ಬ್ಯೂರೋ ಇವೆಲ್ಲಕ್ಕೂ ಎಂದೋ ಒಪ್ಪಿಗೆ ಕೊಟ್ಟಿದೆ. ಬ್ಯೂರೋದ ಐಎಸ್ 1489 ಎಂಬ ಮಾನಕದ ಪ್ರಕಾರ ಪೋಝೋಲಾನ ಸಿಮೆಂಟಿನಲ್ಲಿ, ಅಂದರೆ ಬೂದಿ ಬೆರೆತ ಸಿಮೆಂಟಿನಲ್ಲಿ, ಹಾರುಬೂದಿ ಶೇ 35ರವರೆಗೆ ಇರಬಹುದು. ಐಎಸ್ 455ರ ಸ್ಲ್ಯಾಗ್ ಸಿಮೆಂಟಿನಲ್ಲಿ ಸ್ಲ್ಯಾಗ್ ಶೇ 70ರವರೆಗೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿಗಳೂ ಕಾಂಕ್ರೀಟ್ ರಸ್ತೆಗೆ ಇವನ್ನು ಬಳಸಲು ಬಾಗಿಲು ತೆರೆದಿವೆ. ಮೆಟ್ರೋ, ಬಹುಮಹಡಿ ಕಟ್ಟಡಗಳಿಗೆ ಕಾಂಕ್ರೀಟ್ ಪೂರೈಸುವ ಬ್ಯಾಚಿಂಗ್ ಪ್ಲಾಂಟ್‌ಗಳಲ್ಲಿ ಇದು ದಿನನಿತ್ಯದ ಸರಕು. ಹಾಗಿದ್ದೂ ವಾರ್ಡಿನ ಚರಂಡಿ ಕೆಲಸದ ಟೆಂಡರಿನಲ್ಲಿ "ಒಪಿಸಿ 53 ದರ್ಜೆ" ಎಂದೇ ಬರೆದಿರುತ್ತದೆ. ಚರಂಡಿಯ ಗೋಡೆಗೆ ಅಷ್ಟು ಅವಸರದಲ್ಲಿ ಬಲಿಯುವ ಸಿಮೆಂಟ್ ಏಕೆ ಬೇಕು ಎಂದು ಕೇಳಿದರೆ "ಮೊದಲಿನಿಂದಲೂ ಹೀಗೇ ಇದೆ ಸಾರ್" ಎಂಬ ಉತ್ತರ.

ಇದಕ್ಕೆ ಗಂಭೀರವಾದ ಆಕ್ಷೇಪವೂ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಹಾರುಬೂದಿ, ಸ್ಲ್ಯಾಗ್ ಬೆರೆತ ಕಾಂಕ್ರೀಟ್ ಮೊದಲ ಕೆಲವು ದಿನ ನಿಧಾನವಾಗಿ ಬಲಿಯುತ್ತದೆ. ಸಂಚಾರ ಪೊಲೀಸರು ರಸ್ತೆ ಯಾವಾಗ ಬಿಡುತ್ತೀರಿ ಎಂದು ಬೆನ್ನು ಹತ್ತಿರುತ್ತಾರೆ, ಗುತ್ತಿಗೆದಾರನಿಗೆ ಸೆಂಟ್ರಿಂಗ್ ಬಿಚ್ಚಿ ಮುಂದಿನ ಅಂಕಣಕ್ಕೆ ಒಯ್ಯುವ ಆತುರ. ಕಾರ್ಪೊರೇಷನ್ ವೃತ್ತದಂಥ ಜಾಗದಲ್ಲಿ ರಾತ್ರೋರಾತ್ರಿ ಮುಗಿಸಬೇಕಾದ ಕೆಲಸಕ್ಕೆ ಬೇಗ ಬಲಿಯುವ ಮಿಶ್ರಣವೇ ಇರಲಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಮೇಲ್ಸೇತುವೆಯ ಪೈಲು (ನೆಲದಾಳದ ಕಂಬ), ಅದರ ಮೇಲಿನ ಪೈಲ್ ಕ್ಯಾಪ್, ತಡೆಗೋಡೆ, ಬುನಾದಿ ಇವಕ್ಕೆ ಪೂರ್ತಿ ಭಾರ ಬೀಳುವುದು ತಿಂಗಳುಗಳ ನಂತರ. ಕೆಲವಕ್ಕೆ ವರ್ಷಗಳ ನಂತರ: ಈಜಿಪುರ ಮೇಲ್ಸೇತುವೆಯ ಕೆಲಸ ಆರಂಭವಾದದ್ದು 2017ರಲ್ಲಿ, ಅದರ ಕಂಬಗಳಿಗೆ ಶಕ್ತಿ ಪಡೆಯಲು ಸಮಯ ಸಾಲಲಿಲ್ಲ ಎಂದು ಯಾರೂ ಹೇಳಲಾರರು. ಇಂಥ ಭಾಗಗಳಿಗೆ ಕ್ಯೂಬ್‌ಗಳನ್ನು 28ನೆಯ ದಿನದ ಬದಲು 56ನೆಯ ದಿನಕ್ಕೆ ಒಡೆದು ಒಪ್ಪಿಕೊಳ್ಳಿ. 28 ದಿನಕ್ಕೇ ಫಲಿತಾಂಶ ತೋರಿಸಬೇಕೆಂಬ ಭಯದಿಂದ ಪ್ಲಾಂಟಿನವರು ಬೇಕಾದುದಕ್ಕಿಂತ ಹೆಚ್ಚು ಸಿಮೆಂಟ್ ಸುರಿಯುತ್ತಾರೆ. ಆ ಹೆಚ್ಚುವರಿ ಸಿಮೆಂಟ್ ದಪ್ಪ ಕಾಂಕ್ರೀಟಿನೊಳಗೆ ಶಾಖ ಹುಟ್ಟಿಸಿ ಬಿರುಕಿಗೆ ದಾರಿ ಮಾಡುತ್ತದೆ. ದುಡ್ಡು ಕೊಟ್ಟು ಬಿರುಕು ಕೊಳ್ಳುವ ವ್ಯವಹಾರ ಇದು.

ಹಾರುಬೂದಿಯನ್ನೇ ಶಾಶ್ವತವಾಗಿ ನಂಬಿ ಕೂರುವಂತಿಲ್ಲ ಎಂಬುದೂ ನಿಜ. ಕಲ್ಲಿದ್ದಲು ಘಟಕಗಳು ಒಂದೊಂದಾಗಿ ಮುಚ್ಚಿದರೆ ಬೂದಿ ಎಲ್ಲಿಂದ ಬರಬೇಕು? ಅದಕ್ಕೂ ಉತ್ತರ ಸಿದ್ಧವಾಗಿದೆ. ಸ್ವಿಟ್ಜರ್ಲೆಂಡ್, ಕ್ಯೂಬಾ ದೇಶಗಳ ತಜ್ಞರೂ ನಮ್ಮ ಐಐಟಿಗಳವರೂ ಸೇರಿ ರೂಪಿಸಿದ ಎಲ್‌ಸಿ3 ಎಂಬ ಸಿಮೆಂಟಿನಲ್ಲಿ ಅರ್ಧದಷ್ಟು ಮಾತ್ರ ಕ್ಲಿಂಕರ್. ಶೇ 30ರಷ್ಟು ಸುಟ್ಟ ಜೇಡಿಮಣ್ಣು, ಶೇ 15ರಷ್ಟು ಸುಡದೆ ಅರೆದ ಸುಣ್ಣದ ಕಲ್ಲು, ಉಳಿದದ್ದು ಜಿಪ್ಸಮ್. ಜೇಡಿಯನ್ನು ಸುಡಲು 800 ಡಿಗ್ರಿ ಸುತ್ತಮುತ್ತಲ ಶಾಖ ಸಾಕು, ಸುಟ್ಟಾಗ ಅದರಿಂದ ಹೊರಡುವುದು ನೀರಾವಿ. ಪಿಂಗಾಣಿಗೆ ಬೇಕಾಗುವಷ್ಟು ಉತ್ತಮ ಜೇಡಿಯೂ ಬೇಕಿಲ್ಲ. 2023ರಲ್ಲಿ ಇದಕ್ಕೆ ಐಎಸ್ 18189 ಎಂಬ ಭಾರತೀಯ ಮಾನಕವೂ ಬಂದಿದೆ.

ಸುಟ್ಟ ಮಣ್ಣೇ ಎಂದು ಹುಬ್ಬೇರಿಸುವವರು ನಿಮ್ಮ ಕಚೇರಿಯಲ್ಲೂ ಇರಬಹುದು. ಅವರನ್ನು ಒಂದು ಭಾನುವಾರ ಕನ್ನಂಬಾಡಿಗೆ ಕಳುಹಿಸಿ. 1911ರಲ್ಲಿ ಆರಂಭಿಸಿ 1930ರ ದಶಕದ ಆದಿಯಲ್ಲಿ ಮುಗಿಸಿದ ಆ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣ ಮತ್ತು ಸುರ್ಕಿಯ ಗಾರೆ. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಸುಟ್ಟ ಜೇಡಿ ಸುಣ್ಣದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತಾ ಹೋಗುತ್ತದೆ ಎಂಬ ತತ್ತ್ವ ಅಲ್ಲಿಯೂ ಇದೇ, ಎಲ್‌ಸಿ3ಯಲ್ಲಿಯೂ ಇದೇ. ಮೈಸೂರು ಸಂಸ್ಥಾನದ ಎಂಜಿನಿಯರ್‌ಗಳು ನಂಬಿದ ವಸ್ತುವನ್ನು ಐಎಸ್ ಸಂಖ್ಯೆ ಸಿಕ್ಕ ಮೇಲೂ ನಾವು ಸಂಶಯದಿಂದ ನೋಡುವುದು ವಿಚಿತ್ರ.

ಈ ನಡುವೆ ಮಾರುಕಟ್ಟೆಯಲ್ಲಿ ಎಲೆಯ ಚಿತ್ರ ಹಾಕಿದ ಸಿಮೆಂಟ್ ಚೀಲಗಳು ಕಾಣಿಸುತ್ತವೆ. ಚಿತ್ರ ನೋಡಿ ಮರುಳಾಗಬೇಡಿ. ಕ್ಲಿಂಕರ್ ಶೇಕಡಾ ಎಷ್ಟು ಎಂದು ಕೇಳಿ.

ಇನ್ನು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ವಿಷಯ. ಕಾಗದದ ಮೇಲೆ ಎಷ್ಟೇ ಒಳ್ಳೆಯ ಮಿಶ್ರಣ ಬರೆದರೂ ಅದು ಕೆಡುವುದು ರಸ್ತೆಯಲ್ಲಿ. ಆರ್‌ಎಂಸಿ, ಅಂದರೆ ಪ್ಲಾಂಟಿನಲ್ಲೇ ಕಲಸಿದ ಕಾಂಕ್ರೀಟಿನ, ಲಾರಿ ತುಂಬಿದ ಎರಡು ಗಂಟೆಯೊಳಗೆ ಕಾಂಕ್ರೀಟ್ ಇಳಿಯಬೇಕು ಎನ್ನುವುದು ಐಎಸ್ 4926ರ ಸಾಮಾನ್ಯ ನಿಯಮ. ಹೊರವಲಯದ ಪ್ಲಾಂಟಿನಿಂದ ಹೊರಟ ಲಾರಿ ಹೊರವರ್ತುಲ ರಸ್ತೆಯಲ್ಲಿ, ಭಾರೀ ವಾಹನಗಳ ನಿರ್ಬಂಧದ ವೇಳೆಯಲ್ಲಿ ಸಿಕ್ಕಿಬಿದ್ದರೆ ಆ ಎರಡು ಗಂಟೆ ಅಲ್ಲೇ ಕರಗುತ್ತದೆ. ಬಂದಾಗ ಕಾಂಕ್ರೀಟ್ ಬಿಗಿದಿರುತ್ತದೆ, ಪಂಪಿನಲ್ಲಿ ಹೋಗುವುದಿಲ್ಲ. ಆಗ ಡ್ರಮ್ಮಿನೊಳಕ್ಕೆ ಪೈಪು ಬಿಡುತ್ತಾರೆ, ನೆಂಟರು ಹೆಚ್ಚಾದಾಗ ಸಾರಿಗೆ ನೀರು ಬೆರೆಸಿದಂತೆ. ಆ ನೀರು ಕಾಂಕ್ರೀಟಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಾಗಿ ಉಳಿದು, ಶಕ್ತಿಯನ್ನು ಕುಗ್ಗಿಸಿ, ಒಳಗಿನ ಕಂಬಿಗೆ ತೇವ ಮತ್ತು ಗಾಳಿ ತಲುಪಿಸುತ್ತದೆ. ಕ್ಯೂಬಿನ ಅಚ್ಚುಗಳನ್ನು ತುಂಬುವುದು ಮಾತ್ರ ಪೈಪು ಬಿಡುವ ಮೊದಲು. ಪ್ರಯೋಗಾಲಯದಲ್ಲಿ ಎಲ್ಲ ಕ್ಯೂಬೂ ಪಾಸು, ಸೇತುವೆ ಫೇಲು. ಇದಕ್ಕೆ ಪರಿಹಾರ ಕಠಿಣವೇನಲ್ಲ: ಕಾಂಕ್ರೀಟ್ ಎಷ್ಟು ತೆಳುವಾಗಿದೆ ಎಂದು ನೋಡುವ ಸ್ಲಂಪ್ ಪರೀಕ್ಷೆ ಸುರಿಯುವ ಜಾಗದಲ್ಲೇ, ಅಲ್ಲಿಂದಲೇ ಕ್ಯೂಬ್, ಲಾರಿ ಹೊರಟ ಸಮಯ ಮತ್ತು ಇಳಿಸಿದ ಸಮಯ ಎರಡೂ ಚೀಟಿಯಲ್ಲಿ. ದೊಡ್ಡ ಕೆಲಸಗಳ ದಿನ ಆ ಲಾರಿಗಳಿಗೆ ದಾರಿ ಬಿಡುವ ಬಗ್ಗೆ ಸಂಚಾರ ಪೊಲೀಸರೊಂದಿಗೆ ಮೊದಲೇ ಕುಳಿತು ಮಾತಾಡುವುದು ನಿಮ್ಮಿಂದ ಮಾತ್ರ ಸಾಧ್ಯ, ಗುತ್ತಿಗೆದಾರನ ಮೇಸ್ತ್ರಿಯಿಂದಲ್ಲ.

ಸುರಿದ ಮೇಲೆ ಕ್ಯೂರಿಂಗ್. ಐಎಸ್ 456ರ ಪ್ರಕಾರ ಒಪಿಸಿ ಕಾಂಕ್ರೀಟನ್ನು ಕನಿಷ್ಠ ಏಳು ದಿನ, ಹಾರುಬೂದಿ ಅಥವಾ ಸ್ಲ್ಯಾಗ್ ಬೆರೆತದ್ದನ್ನು ಕನಿಷ್ಠ ಹತ್ತು ದಿನ ಸತತವಾಗಿ ಒದ್ದೆಯಾಗಿಡಬೇಕು. ಬೆರೆತದ್ದಕ್ಕೆ ಹದಿನಾಲ್ಕು ದಿನವಾದರೆ ಉತ್ತಮ ಎಂದೂ ಅದೇ ಮಾನಕ ಹೇಳುತ್ತದೆ. ಸತತವಾಗಿ ಎಂದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚಿಮುಕಿಸುವುದಲ್ಲ. ಮಾರ್ಚ್ ಬಿಸಿಲಿನಲ್ಲಿ ತಡೆಗೋಡೆಗೆ ಹೊದಿಸಿದ ಗೋಣಿತಾಟು ಮಧ್ಯಾಹ್ನದ ಹೊತ್ತಿಗೆ ಒಣಗಿ ಗರಿಗರಿ ಆಗಿರುತ್ತದೆ. ಕ್ಲಿಂಕರ್ ಕಡಿಮೆ ಮಾಡಿ ಎಂದು ಕೇಳುವವನು ಕ್ಯೂರಿಂಗಿನ ಬಗ್ಗೆ ಎರಡು ಪಟ್ಟು ಹಟ ಹಿಡಿಯಬೇಕು, ಏಕೆಂದರೆ ಬೆರಕೆ ಸಿಮೆಂಟ್ ನೀರಿಲ್ಲದೆ ಒಣಗಿದರೆ ಒಪಿಸಿಗಿಂತ ಹೆಚ್ಚು ಕೆಡುತ್ತದೆ. ಹಾರುಬೂದಿ ಹಾಕಿದ್ದಕ್ಕೇ ಗೋಡೆ ಕೆಟ್ಟಿತು ಎಂಬ ದೂರುಗಳಲ್ಲಿ ಬಹುಪಾಲು ಕ್ಯೂರಿಂಗ್ ಕೆಟ್ಟದ್ದರ ದೂರು. ನೀರು ಎಲ್ಲಿಂದ ಎನ್ನುತ್ತೀರಾ? 2024ರ ಬರದಲ್ಲಿ ಜಲಮಂಡಳಿಯೇ ನಿರ್ಮಾಣ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ ಐದು ಸಾವಿರ ರೂಪಾಯಿ ದಂಡ ಎಂದು ಆದೇಶಿಸಿತ್ತು. ಸಂಸ್ಕರಿಸಿದ ನೀರನ್ನು ಪರೀಕ್ಷೆ ಮಾಡಿಸಿ, ಲವಣಾಂಶ ಮಾನಕದ ಮಿತಿಯೊಳಗಿದ್ದರೆ ಅದನ್ನೇ ಬಳಸಿ. ಕ್ಯೂರಿಂಗಿಗೆ ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ಐಟಂ ಮತ್ತು ಪ್ರತ್ಯೇಕ ದರ ಇರಲಿ. ಕಾಂಕ್ರೀಟಿನ ದರದಲ್ಲೇ ಅಡಗಿಸಿಟ್ಟ ಕೆಲಸಕ್ಕೆ ಯಾರೂ ಕೂಲಿಯಾಳನ್ನು ಹತ್ತು ದಿನ ನಿಲ್ಲಿಸುವುದಿಲ್ಲ.

ಬಾಳಿಕೆಯ ಬಗ್ಗೆ ಇಷ್ಟು ಉದ್ದ ಬರೆಯಲು ಕಾರಣವಿದೆ. ಸೇತುವೆಗಳನ್ನು ನೂರು ವರ್ಷದ ಆಯುಷ್ಯಕ್ಕೆ ವಿನ್ಯಾಸ ಮಾಡಬೇಕೆನ್ನುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಇಂದಿನ ಸೇತುವೆ ಸಂಹಿತೆ ಐಆರ್‌ಸಿ 112ರ ನಿರೀಕ್ಷೆ. ತುಮಕೂರು ರಸ್ತೆಯಲ್ಲಿ 2010ರ ಸುಮಾರಿಗೆ ಸಂಚಾರಕ್ಕೆ ತೆರೆದ ಪೀಣ್ಯ ಮೇಲ್ಸೇತುವೆಯನ್ನು 2021ರ ಡಿಸೆಂಬರ್‌ನಲ್ಲಿ ಮುಚ್ಚಬೇಕಾಯಿತು; ಕಾಂಕ್ರೀಟಿನೊಳಗೆ ಬಿಗಿದ ಉಕ್ಕಿನ ಕೇಬಲ್‌ಗಳಲ್ಲಿ ತೊಂದರೆ ಕಂಡಿತ್ತು. ಎರಡು ತಿಂಗಳ ನಂತರ ಸಣ್ಣ ವಾಹನಗಳಿಗೆ ಬಿಟ್ಟರೂ ಲಾರಿ, ಬಸ್ಸುಗಳು ವರ್ಷಗಟ್ಟಲೆ ಕೆಳಗೇ ತೆವಳಿದವು. ಸುಮನಹಳ್ಳಿ ಮೇಲ್ಸೇತುವೆಯಲ್ಲಿ 2019ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಕಂಬಿ ಕಾಣುವಂತೆ ತೂತು ಬಿತ್ತು. ಇಂಗಾಲದ ಲೆಕ್ಕ ಹಾಕುವವರು ಮರೆಯುವುದು ಇದನ್ನೇ. ನೂರು ವರ್ಷ ಬಾಳಬೇಕಾದದ್ದು ಹತ್ತು ವರ್ಷಕ್ಕೆ ರಿಪೇರಿಗೆ ಬಂದರೆ ಮಿಶ್ರಣದಲ್ಲಿ ಉಳಿಸಿದ ಮೂರನೆಯ ಒಂದು ಪಾಲು ಯಾವ ಲೆಕ್ಕಕ್ಕೂ ಬರುವುದಿಲ್ಲ. ಕಂಬಿಯ ಮೇಲೆ ನಕ್ಷೆಯಲ್ಲಿ ಹೇಳಿದಷ್ಟು ದಪ್ಪ ಕಾಂಕ್ರೀಟಿನ ಹೊದಿಕೆ (ಕವರ್) ಇದೆಯೇ ಎಂದು ಅಳೆಯುವ ಸಣ್ಣ ಯಂತ್ರ ಎಲ್ಲ ಪ್ರಯೋಗಾಲಯಗಳಲ್ಲೂ ಸಿಗುತ್ತದೆ. ಕೊನೆಯ ಬಿಲ್ಲಿಗೆ ಸಹಿ ಮಾಡುವ ಮೊದಲು ಅದನ್ನೊಮ್ಮೆ ಓಡಿಸಿ ನೋಡಲು ಅರ್ಧ ದಿನ ಸಾಕು.

ಕೆಡದೆ ಉಳಿದದ್ದನ್ನೂ ನಾವೇ ಒಡೆಯುತ್ತೇವೆ. ವೈಟ್ ಟಾಪಿಂಗ್ ಮುಗಿದು ಬಿಳಿ ಗೆರೆ ಒಣಗುವ ಮೊದಲೇ ಒಳಚರಂಡಿಗೆಂದೋ ವಿದ್ಯುತ್ ಕೇಬಲ್‌ಗೆಂದೋ ಕಟರ್ ಬರುತ್ತದೆ. ಡಾಂಬರು ರಸ್ತೆಯನ್ನು ಅಗೆದರೆ ತೇಪೆ ಹಾಕಬಹುದು. ಕಾಂಕ್ರೀಟ್ ಹಾಸನ್ನು ಮಧ್ಯದಲ್ಲಿ ಕತ್ತರಿಸಿದರೆ ಆ ಹಾಸು ಮೊದಲಿನಂತಾಗುವುದಿಲ್ಲ. ಅಕ್ಕಪಕ್ಕದಲ್ಲಿ ಕೊಳವೆದಾರಿ ಬಿಡದೆ, ಜಲಮಂಡಳಿ, ಬೆಸ್ಕಾಂ ಇಬ್ಬರಿಂದಲೂ ಲಿಖಿತ ಒಪ್ಪಿಗೆ ಪಡೆಯದೆ ಯಾವ ರಸ್ತೆಗೂ ವೈಟ್ ಟಾಪಿಂಗ್ ಆದೇಶ ಕೊಡಬೇಡಿ. ಈ ಮಾತನ್ನು ಬೆಂಗಳೂರಿಗರು ಎಷ್ಟು ಸಲ ಹೇಳಿದ್ದಾರೆಂದರೆ, ಮತ್ತೆ ಬರೆಯಲು ನನಗೇ ಬೇಸರ.

ಒಡೆದದ್ದು ಎಲ್ಲಿಗೆ ಹೋಗುತ್ತದೆ? ರಾತ್ರಿ ಹೊತ್ತು ಟ್ರ್ಯಾಕ್ಟರುಗಳಲ್ಲಿ ಕೆರೆಯಂಗಳಕ್ಕೆ, ನೈಸ್ ರಸ್ತೆಯ ಬದಿಗೆ. ಚಿಕ್ಕಜಾಲದಲ್ಲಿ ಕಟ್ಟಡ ತ್ಯಾಜ್ಯವನ್ನು ಪುಡಿ ಮಾಡಿ ಜಲ್ಲಿ, ಮರಳು ತಯಾರಿಸುವ ಘಟಕವಿದೆ. 2016ರ ಐಎಸ್ 383 ಹಳೆಯ ಕಾಂಕ್ರೀಟಿನಿಂದ ತೆಗೆದ ಜಲ್ಲಿಯನ್ನು ಕಂಬಿಯಿಲ್ಲದ ಕಾಂಕ್ರೀಟಿನಲ್ಲಿ ಶೇ 25ರಷ್ಟು, ಎಂ25 ದರ್ಜೆಯವರೆಗಿನ ಕಂಬಿ ಕಾಂಕ್ರೀಟಿನಲ್ಲಿ ಶೇ 20ರಷ್ಟು, ಬುನಾದಿಯ ಕೆಳಗೆ ಹಾಸುವ, ಸಿಮೆಂಟ್ ಕಡಿಮೆಯಿರುವ ಕಾಂಕ್ರೀಟಿನಲ್ಲಿ ಪೂರ್ತಿಯಾಗಿಯೂ ಬಳಸಲು ಒಪ್ಪುತ್ತದೆ. ಕಟ್ಟಡ ತ್ಯಾಜ್ಯದ ಹೊಸ ಕೇಂದ್ರ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿಗೆಂದು ಪ್ರಕಟವಾಗಿವೆ. ನಿಯಮ ಇದೆ, ಮಾನಕ ಇದೆ, ಘಟಕ ಇದೆ, ಕೊಳ್ಳುವವರಿಲ್ಲ. ನಗರದಲ್ಲಿ ಕಾಂಕ್ರೀಟಿನ ಅತಿ ದೊಡ್ಡ ಗಿರಾಕಿಗಳಲ್ಲಿ ನೀವೂ ಒಬ್ಬರು. ಪಾದಚಾರಿ ಮಾರ್ಗದ ಬ್ಲಾಕು, ಕರ್ಬ್ ಕಲ್ಲು, ಬುನಾದಿಯ ಹಾಸು ಇಷ್ಟಕ್ಕಾದರೂ ಮರುಬಳಕೆಯ ಜಲ್ಲಿ ಕಡ್ಡಾಯ ಎಂದು ಬರೆದರೆ ಚಿಕ್ಕಬಳ್ಳಾಪುರ, ರಾಮನಗರದ ಬೆಟ್ಟಗಳಿಗೆ ಸ್ವಲ್ಪ ಉಸಿರು ಸಿಗುತ್ತದೆ. ಅಗೆದ ಮಣ್ಣಿಗೂ ದಾರಿ ಹುಡುಕುತ್ತಿರುವವರು ಇದ್ದಾರೆ: ಅದನ್ನೂ ಕಟ್ಟಡ ತ್ಯಾಜ್ಯವನ್ನೂ ಇಂಗಾಲದ ಡೈಆಕ್ಸೈಡ್ ಹೀರಿಸಿ ಕಾಂಕ್ರೀಟಿನಲ್ಲಿ ಮರಳಿಗೆ ಬದಲಾಗಿ ಬಳಸುವ ಸಂಶೋಧನೆ ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರದಲ್ಲಿ ನಡೆದಿದೆ. ಯಶವಂತಪುರ ನಿಮ್ಮ ಕಚೇರಿಯಿಂದ ದೂರವಿಲ್ಲ.

ಆರಂಭದಲ್ಲಿ ಬಿಟ್ಟ ಜಗಳಕ್ಕೆ ಈಗ ಬರುತ್ತೇನೆ. ಕೆಲವು ಕಡೆ ಕಾಂಕ್ರೀಟೇ ಬೇಡ. ರಾಜಕಾಲುವೆಯ ಎರಡು ಬದಿಗೆ ಗೋಡೆ ಕಟ್ಟಿದ್ದು ಸಾಲದೆಂದು ತಳಕ್ಕೂ ಕಾಂಕ್ರೀಟ್ ಹಾಸಿದರೆ ಮಳೆನೀರು ನೆಲಕ್ಕಿಳಿಯುವುದಿಲ್ಲ, ರಭಸ ಹೆಚ್ಚಿ ಕೆಳಗಿನ ಬಡಾವಣೆಗೆ ನುಗ್ಗುತ್ತದೆ. ಎತ್ತರ ಕಡಿಮೆಯಿರುವ ಕಡೆ ಹಿಂದಿನಂತೆ ಸೈಜುಗಲ್ಲಿನ ಗೋಡೆ ಸಾಕು. ಉದ್ಯಾನದ ನಡೆದಾರಿಗೆ, ಮರದ ಬುಡದ ಸುತ್ತಲಿಗೆ ಕಾಂಕ್ರೀಟ್ ಸುರಿಯುವುದಕ್ಕೆ ಎಂಜಿನಿಯರಿಂಗ್ ಕಾರಣ ಯಾವುದೂ ಇಲ್ಲ, ಬಿಲ್ ಮಾಡಲು ಸುಲಭ ಎಂಬುದನ್ನು ಬಿಟ್ಟರೆ.

ಎಲ್ಲವನ್ನೂ ಒಮ್ಮೆಲೇ ಮಾಡಿ ಎನ್ನುತ್ತಿಲ್ಲ. ಮುಂದಿನ ಸುತ್ತಿನ ಟೆಂಡರುಗಳಲ್ಲಿ ಒಂದು ತಡೆಗೋಡೆ ಮತ್ತು ಒಂದು ವೈಟ್ ಟಾಪಿಂಗ್ ಪ್ಯಾಕೇಜನ್ನು ಆರಿಸಿ. ಸಿಮೆಂಟಿನ ಬಗೆಯನ್ನು ಕಟ್ಟುಹಾಕದೆ, ಘನ ಮೀಟರಿಗೆ ಇಷ್ಟು ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಆಗಬಾರದು, ಇಷ್ಟು ಶಕ್ತಿ ಇರಬೇಕು, ನೀರು ಇಷ್ಟಕ್ಕಿಂತ ಹೆಚ್ಚು ಒಳಸೇರಬಾರದು ಎಂದು ಕೇಳಿ. ಹೇಗೆ ಸಾಧಿಸಬೇಕೆಂಬುದನ್ನು ಬ್ಯಾಚಿಂಗ್ ಪ್ಲಾಂಟಿನವರಿಗೆ ಬಿಡಿ. ಅವರಲ್ಲಿ ಬುದ್ಧಿವಂತರಿದ್ದಾರೆ, ಕೇಳಿದವರಿಲ್ಲ ಅಷ್ಟೆ. ಎರಡೂ ಕೆಲಸಗಳ ಮಿಶ್ರಣದ ಪ್ರಮಾಣ, ಲಾರಿ ಚೀಟಿಗಳ ಸಮಯ, ಕ್ಯೂರಿಂಗ್ ದಾಖಲೆ, 28 ಮತ್ತು 56ನೆಯ ದಿನದ ಕ್ಯೂಬ್ ಫಲಿತಾಂಶ ಇವನ್ನು ಪ್ರಾಧಿಕಾರದ ಜಾಲತಾಣದಲ್ಲಿ ಕನ್ನಡದಲ್ಲಿ ಪ್ರಕಟಿಸಿ. ಓದಿ ತಪ್ಪು ಹುಡುಕಲು ನನ್ನಂಥ ನಿವೃತ್ತರು ಈ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದೇವೆ.

ಇತಿ,
ನಗರದ ನಿರ್ಮಾಣ ಕೆಲಸಗಳಲ್ಲಿ ಗುಣಮಟ್ಟ ಪರೀಕ್ಷೆ ನೋಡಿಕೊಳ್ಳುತ್ತಿದ್ದ ಒಬ್ಬ ನಿವೃತ್ತ ಸಿವಿಲ್ ಎಂಜಿನಿಯರ್
ಬಸವನಗುಡಿ, ಬೆಂಗಳೂರು